ನೀರಿಗೆ ಹೇಗೆ?

“ಗುರುಗಳೇ, ಮೊದಲ ಸಲ ಮನೆ ಕೊಳ್ಳುವವನು ಮೋಸ ಹೋಗದೆ ಇರುವುದು ಹೇಗೆ?”

ಹೀಗೆ ಕೇಳಿದವನು ಬಳೆ ವ್ಯಾಪಾರದ ಅಡಿವೆಪ್ಪ. ಬೆಳಗಾಗುತ್ತಲೇ ಊರು ಬಿಟ್ಟು ಮೂರು ಹರದಾರಿ ನಡೆದು ಮಠಕ್ಕೆ ಬಂದಿದ್ದ. ಬಂದವನು ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಗುರುಗಳು ದಾಸೋಹದ ಸಾರಿಗೆಂದು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಪಾದ ಮುಟ್ಟಿದವನೇ ಪ್ರಶ್ನೆ ಇಟ್ಟ.

ಆಮೇಲೆ ಅವನು ತಡೆಯಿಲ್ಲದೆ ಹೇಳಿದ. ಒಂದು ಮನೆ ಗೊತ್ತಾಗಿದೆ. ಏಳು ಸಲ ಹೋಗಿ ನೋಡಿದ್ದಾನೆ. ನಾಡಿದ್ದು ಸಂಚಕಾರ ಕೊಡಬೇಕು, ಅಂದರೆ ಮುಂಗಡ. ಬಡಗಿಯನ್ನು ಕರೆದುಕೊಂಡು ಹೋಗಿ ತೊಲೆ ತೋರಿಸಿದ್ದಾನೆ. ಜೋಯಿಸರನ್ನು ಕೇಳಿದ್ದಾನೆ, ಸೋದರಮಾವನನ್ನು ಕೇಳಿದ್ದಾನೆ, ಬಳೆ ತೊಡಿಸಿಕೊಳ್ಳಲು ಕೈ ಚಾಚಿದ ಹೆಂಗಸರನ್ನೂ ಬಿಡದೆ ಕೇಳಿದ್ದಾನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾರುವವರೇನೋ ಬಹಳ ಒಳ್ಳೆಯವರು, ಹೋದಾಗಲೆಲ್ಲ ಊಟ ಮಾಡಿಸದೆ ಕಳಿಸುವುದಿಲ್ಲ. ಪಕ್ಕದ ಮನೆಯವರ ಜೊತೆ ಮಾತ್ರ ಅವರಿಗೆ ಮಾತುಕತೆ ಇಲ್ಲವಂತೆ, ಅದು ಅವರವರ ವಿಷಯ. ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ. ಆದರೂ ಹದಿನೈದು ದಿನಗಳಿಂದ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ.

ಗುರುಗಳು ಮೊರದಲ್ಲಿದ್ದ ಹುಣಸೆಹಣ್ಣಿನಲ್ಲಿ ಅರ್ಧವನ್ನು ಅವನ ಮುಂದೆ ಸರಿಸಿದರು. ಖಾಲಿ ಕೈಯಲ್ಲಿ ಕುಳಿತರೆ ಚಿಂತೆ ಹೆಚ್ಚುತ್ತದೆ, ಬೀಜ ಬಿಡಿಸುತ್ತ ಕೇಳು ಎಂದರು. ಅಡಿವೆಪ್ಪ ಒಂದು ಹಣ್ಣು ಎತ್ತಿಕೊಂಡ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಕುಣಿಮಗ್ಗದ ನೇಕಾರ. ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಅವನು ನೇಯಬೇಕು. ಕುಣಿ ಇಲ್ಲದೆ ಅವನಿಗೆ ಮಗ್ಗವಿಲ್ಲ, ಮಗ್ಗವಿಲ್ಲದೆ ಒಲೆ ಹೊತ್ತುವುದಿಲ್ಲ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸೀರೆಯ ಕೆಲಸದಲ್ಲಿ ಅವನದು ಎತ್ತಿದ ಕೈ. ಆದರೆ ಅವನಿಗೆ ಸ್ವಂತ ಮನೆ ಇರಲಿಲ್ಲ.

ಬಾಡಿಗೆ ಮನೆಯಲ್ಲಿ ಕುಣಿ ತೋಡಬೇಕಾದರೆ ಮನೆಯ ಧಣಿ ಒಪ್ಪಬೇಕು. ಒಪ್ಪಿದ ಧಣಿಯೂ ಒಂದು ಕರಾರು ಹಾಕುತ್ತಿದ್ದ. ಬಿಟ್ಟು ಹೋಗುವಾಗ ಕುಣಿ ಮುಚ್ಚಿ, ಮಣ್ಣು ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ನೆಲವನ್ನು ಮೊದಲಿನಂತೆ ಮಾಡಿಕೊಡಬೇಕು. ತೋಡುವಾಗ ನೇಕಾರ ಒಬ್ಬನೇ ತೋಡುತ್ತಿದ್ದ. ಮುಚ್ಚುವಾಗ ಹೆಂಡತಿಯೂ ಕೈ ಹಾಕುತ್ತಿದ್ದಳು. ಹಾಗೆ ಅವರು ಒಂಬತ್ತು ಮನೆ ಬದಲಿಸಿದ್ದರು, ಒಂಬತ್ತು ಕುಣಿ ತೋಡಿದ್ದರು, ಎಂಟನ್ನು ಮುಚ್ಚಿದ್ದರು. ನಾಲ್ಕನೆಯ ಮನೆಯ ಧಣಿಯಂತೂ ಮಗಳ ಮದುವೆ ಗೊತ್ತಾಯಿತೆಂದು ಮೂರು ದಿನದಲ್ಲಿ ಮನೆ ಬಿಡಿಸಿದ. ಮಗ್ಗದ ಮೇಲೆ ಸೀರೆ ಅರ್ಧ ನೆಯ್ದಿತ್ತು. ಅದನ್ನು ಅರ್ಧಕ್ಕೇ ಕತ್ತರಿಸಬೇಕಾಯಿತು. ಅಂದು ನೇಕಾರ ಅತ್ತ. ನೆಯ್ದದ್ದನ್ನು ನಡುವೆ ಕತ್ತರಿಸುವುದು ಎಂದರೇನು ಎಂದು ನೇಯದವರಿಗೆ ಹೇಳಿದರೆ ತಿಳಿಯುವುದಿಲ್ಲ.

ಬೇರೆಯವರು ಸ್ವಂತ ಮನೆ ಎಂದರೆ ದೊಡ್ಡ ಬಾಗಿಲು, ಪಡಸಾಲೆ, ಹಿತ್ತಲು ಎಂದು ಕನಸು ಕಾಣುತ್ತಾರೆ. ಈ ಗಂಡ ಹೆಂಡತಿ ಬೇಡಿಕೊಂಡದ್ದು ಒಂದೇ. ಮುಚ್ಚಬೇಕಾಗಿಲ್ಲದ ಒಂದು ಕುಣಿ.

ಇಪ್ಪತ್ತೆರಡು ವರ್ಷ ದುಡಿದು ಉಳಿಸಿದ ಮೇಲೆ ಅವರಿಗೆ ಒಂದು ಮನೆ ಕಣ್ಣಿಗೆ ಬಿತ್ತು. ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಮನೆ. ಅವನು ಅದನ್ನು ಮಾರಿ ಪೇಟೆಯ ಬೀದಿಗೆ ಹೋಗಬೇಕೆಂದಿದ್ದ. ಗೋಡೆ ಗಟ್ಟಿ, ತೊಲೆ ತೇಗದ್ದು, ನಡುಮನೆ ಮಗ್ಗಕ್ಕೆ ಹೇಳಿ ಮಾಡಿಸಿದಷ್ಟು ಅಗಲ. ಬೆಲೆ ಅವರ ಕೈಗೆ ಎಟುಕುವಂತಿತ್ತು. ಅಲ್ಲಿಗೆ ಅವನ ನಿದ್ದೆ ಹೋಯಿತು. ಕೈಗೆ ಎಟುಕದ ಮನೆ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ, ಅಡಿವೆಪ್ಪಾ.

ನೇಕಾರ ಹೆದರಿದ. ಇಪ್ಪತ್ತೆರಡು ವರ್ಷದ ದುಡಿಮೆ ಒಂದೇ ದಿನ ಕೈ ಬಿಡುತ್ತದೆ. ತಪ್ಪಿದರೆ ಇನ್ನೊಂದು ಇಪ್ಪತ್ತೆರಡು ವರ್ಷ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಮಗ್ಗದ ಮೇಲೆ ಕುಳಿತರೆ ಎಳೆ ಲೆಕ್ಕ ತಪ್ಪುತ್ತಿತ್ತು. ಸೀರೆಯ ಅಂಚಿನಲ್ಲಿ ಎರಡು ಕಡೆ ತಪ್ಪು ಬಿದ್ದದ್ದನ್ನು ಹೆಂಡತಿ ನೋಡಿದಳು, ತಾನೇ ಕುಳಿತು ಬಿಚ್ಚಿದಳು.

ಹೆದರಿದವನು ಏನೇನು ಮಾಡಬೇಕೋ ಅದನ್ನೆಲ್ಲ ಅವನು ಮಾಡಿದ. ಬಡಗಿಯನ್ನು ಕರೆದೊಯ್ದ. ಬಡಗಿ ತೊಲೆಗೆ ಉಳಿ ಚುಚ್ಚಿ ನೋಡಿ, ಗೆದ್ದಲು ಮುಟ್ಟಿಲ್ಲ ಎಂದ. ಗೋಡೆ ಕಟ್ಟುವ ಉಪ್ಪಾರನನ್ನು ಕರೆದೊಯ್ದ. ಅವನು ಗೋಡೆ ತಟ್ಟಿ, ಇನ್ನು ಎರಡು ತಲೆಮಾರು ನಿಲ್ಲುತ್ತದೆ ಎಂದ. ವ್ಯಾಪಾರಿಯ ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಪಾಲಿದೆಯೇ ಎಂದು ವಿಚಾರಿಸಿದ. ಪಾಲು ಹರಿದು ಹಂಚಿಹೋಗಿತ್ತು, ತಕರಾರು ಇರಲಿಲ್ಲ. ಬಾಗಿಲು ಯಾವ ದಿಕ್ಕಿಗೆ, ಬಚ್ಚಲು ಯಾವ ಮೂಲೆಗೆ ಎಂದು ಶಾಸ್ತ್ರ ಬಲ್ಲವರನ್ನು ಕೇಳಿದ. ಅವರು ಒಂದು ಕಿಟಕಿ ಮುಚ್ಚಿಸು ಎಂದರು. ಶಾಸ್ತ್ರ ಬಲ್ಲವರು ಏನನ್ನೂ ಮುಚ್ಚಿಸದೆ ಎದ್ದದ್ದನ್ನು ನಾನಂತೂ ನೋಡಿಲ್ಲ. ಮುಚ್ಚಿಸುತ್ತೇನೆ ಎಂದು ಅವನು ಒಪ್ಪಿಕೊಂಡ.

ಹೀಗೆ ಕೇಳಿದಷ್ಟೂ ಹೆದರಿಕೆ ಕಡಿಮೆಯಾಗಬೇಕಲ್ಲವೇ? ಆಗಲಿಲ್ಲ. ಯಾಕೆಂದರೆ ಅವನು ಕೇಳಬೇಕಾದ ಒಂದು ಮಾತನ್ನು ಇನ್ನೂ ಯಾರನ್ನೂ ಕೇಳಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅವನಿಗೆ ಬೇಕಾದದ್ದು ತೊಲೆಯಲ್ಲ, ಗೋಡೆಯಲ್ಲ. ಕುಣಿ. ಈ ನೆಲವನ್ನು ಮೊಣಕಾಲುದ್ದ ಅಗೆದರೆ ಕೆಳಗೆ ಏನಿದೆ? ಒಂದು ಹಾರೆ ತಂದು ಒಂದು ಮೂಲೆಯಲ್ಲಿ ಅಗೆದು ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಇನ್ನೊಬ್ಬರು ಬಾಳುವ ಮನೆಗೆ ಹೋಗಿ, ಅವರು ಕೊಟ್ಟ ಮಣೆಯ ಮೇಲೆ ಕುಳಿತು, ನಿಮ್ಮ ನಡುಮನೆಯ ನೆಲ ಅಗೆಯಲೇ ಎಂದು ಕೇಳುವುದು ಹೇಗೆ? ಒಳ್ಳೆಯ ಮಾತಲ್ಲ ಅದು. ಜೊತೆಗೆ ಆ ವ್ಯಾಪಾರಿ ಅವನನ್ನು ತಮ್ಮ ಎಂದು ಕರೆಯುತ್ತಿದ್ದ. ವ್ಯಾಪಾರಿಯ ಹೆಂಡತಿ ಹೋಳಿಗೆ ಬಡಿಸುತ್ತಿದ್ದಳು. ತುಪ್ಪ ಬೇಡ ಎಂದರೂ ಬಿಡುತ್ತಿರಲಿಲ್ಲ. ಉಂಡ ಮನೆಯಲ್ಲಿ ಅನುಮಾನದ ಮಾತು ಎತ್ತಲು ನೇಕಾರನಿಗೆ ದಾಕ್ಷಿಣ್ಯ.

ಒಂದು ದಿನ ಊಟಕ್ಕೆ ಕುಳಿತಾಗ ಅವನು ಗಟ್ಟಿ ಮನಸ್ಸು ಮಾಡಿದ. ಇಂದು ಕೇಳಿಯೇ ಬಿಡುತ್ತೇನೆ ಎಂದುಕೊಂಡ. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಎಲೆಗೆ ಹೋಳಿಗೆ ಬಿತ್ತು. ಮಾತು ಹಿಂದಕ್ಕೆ ಸರಿದು, ಅದರ ಜಾಗದಲ್ಲಿ ಬೇರೊಂದು ಮಾತು ಬಂತು. ಮನೆ ನೋಡಲು ಹೋದವರೆಲ್ಲ ಕೇಳುವ ಮಾತು.

“ನೀರಿಗೆ ಹ್ಯಾಂಗ್ರಿ?” ಎಂದ.

ವ್ಯಾಪಾರಿ ಎಲೆಯ ಕಡೆಗೇ ನೋಡುತ್ತ ಹೇಳಿದ. “ನೀರಿಗೆ ಈ ಮನ್ಯಾಗ ಎಂದೂ ಕಡಿಮಿ ಆಗಿಲ್ಲ, ತಮ್ಮಾ. ಇನ್ನೊಂದು ಹೋಳಿಗಿ ಹಾಕಿಸ್ಕೋ.”

ನಗಬೇಡ ಅಡಿವೆಪ್ಪಾ. ಆ ಸೀಮೆಯಲ್ಲಿ ನೀರು ಎಂದರೆ ಎರಡು ಕೊಡಕ್ಕೆ ಅರ್ಧ ದಿನ. ಹೆಣ್ಣು ಕೊಡುವವರೂ ಮೊದಲು ನೀರಿಗೆ ಹೇಗೆ ಎಂದು ಕೇಳಿಯೇ ಕೊಡುತ್ತಿದ್ದರು. ನೇಕಾರನ ಎದೆ ಹಗುರವಾಯಿತು. ಕೇಳಬೇಕಾದದ್ದನ್ನು ಕೇಳಿಬಿಟ್ಟೆ ಎಂದೇ ಅವನು ತಿಳಿದ. ಮನೆಗೆ ಓಡಿ ಬಂದು ಹೆಂಡತಿಗೆ ಹೇಳಿದ. ಹೆಂಡತಿಗೂ ಹಿಗ್ಗಾಯಿತು. ನೀರು ಹೊತ್ತು ಹೊತ್ತು ಅವಳ ಕುತ್ತಿಗೆ ಸವೆದಿತ್ತು.

ಕತೆ ಇಲ್ಲಿಗೆ ಬಂದಾಗ ಗುರುಗಳು ಒಂದು ಬೀಜ ತೆಗೆದು ಪಕ್ಕಕ್ಕೆ ಇಟ್ಟು ಅಡಿವೆಪ್ಪನ ಮುಖ ನೋಡಿದರು. ನೀನೂ ಅದನ್ನೇ ಕೇಳಿರಬೇಕು ಎಂದರು. ಅಡಿವೆಪ್ಪ ತಲೆ ತಗ್ಗಿಸಿ, ಹೌದು, ಎರಡು ಸಲ ಕೇಳಿದೆ ಎಂದ. ಗುರುಗಳು ಮುಂದುವರಿಸಿದರು.

ಹಗುರವಾದ ಎದೆ ಎರಡು ದಿನ ಹಗುರವಾಗಿತ್ತು. ಮೂರನೆಯ ದಿನ ಮತ್ತೆ ಭಾರವಾಯಿತು. ಅವನು ಮತ್ತೆ ಹೋಗಿ ನೋಡಿದ. ಈ ಸಲ ಒಂದು ವಿಚಿತ್ರ ಕಂಡಿತು. ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಬೆಲ್ಲವಿರಲಿಲ್ಲ. ಬೆಲ್ಲವನ್ನೆಲ್ಲ ಅವನು ಪೇಟೆಯಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿ ಇಟ್ಟಿದ್ದ. ಯಾಕಿರಬಹುದು ಎಂದು ನೇಕಾರ ಯೋಚಿಸಿದ. ಇರುವೆಯ ಕಾಟ ಬೇಡವೆಂದು ಇರಬೇಕು ಎಂದುಕೊಂಡ. ಅಕ್ಕಿ ಜೋಳದ ಚೀಲಗಳು ನೆಲದ ಮೇಲಿರಲಿಲ್ಲ, ಮಂಚದ ಮೇಲಿದ್ದವು. ಎಷ್ಟು ಅಚ್ಚುಕಟ್ಟಾದ ಹೆಂಗಸು ಎಂದುಕೊಂಡ. ಗೋಡೆಗೆ ಸುಣ್ಣ ಹೊಸದಾಗಿ ಬಳಿದಿದ್ದರು, ಅದೂ ಮಂಡಿಯ ಎತ್ತರದವರೆಗೆ ಮಾತ್ರ. ಹಬ್ಬಕ್ಕೆ ಬಳಿಯಲು ಹೊರಟು ಸುಣ್ಣ ಸಾಲದೆ ಬಂದಿರಬೇಕು ಎಂದುಕೊಂಡ. ಹೆದರಿದವನ ಕಣ್ಣಿಗೆ ಕಾಣದ್ದು ಯಾವುದೂ ಇಲ್ಲ. ಕಂಡದ್ದಕ್ಕೆಲ್ಲ ತಾನೇ ಒಂದು ಒಳ್ಳೆಯ ಕಾರಣ ಹುಡುಕಿ ಮಾರುವವನ ಕೈಗೆ ಕೊಡುವವನೂ ಅವನೇ.

ಆ ಮನೆಯ ಪಕ್ಕದಲ್ಲಿ ಇನ್ನೊಂದು ಮನೆಯಿತ್ತು. ನಡುವೆ ಒಂದೇ ಗೋಡೆ. ಅಲ್ಲಿ ಒಬ್ಬ ಮುದುಕಿ ಇದ್ದಳು. ದಿನವೂ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವಳ ಮನೆಯ ನೆಲ ಓಣಿಗಿಂತ ಮೂರು ಮೆಟ್ಟಿಲು ಎತ್ತರಕ್ಕಿತ್ತು. ನೇಕಾರ ಬಂದಾಗಲೆಲ್ಲ ಅವಳು ಮೊರ ನಿಲ್ಲಿಸಿ ಅವನನ್ನು ನೋಡುತ್ತಿದ್ದಳು. ಒಂದು ದಿನ, ನೀನು ಮಗ್ಗದವನೇನು ಎಂದು ಕೇಳಿದಳು. ಅವನು ಹೌದೆಂದ. ಬಿಸಿಲಿದೆ, ಕುಳಿತು ನೀರು ಕುಡಿದು ಹೋಗು ಎಂದಳು. ನೇಕಾರ ತಿರುಗಿ ನೋಡಿದ. ವ್ಯಾಪಾರಿ ತನ್ನ ಬಾಗಿಲಲ್ಲೇ ನಿಂತಿದ್ದ. ಮುದುಕಿಯ ಕಟ್ಟೆಯ ಮೇಲೆ ತಾನು ಕುಳಿತರೆ, ಮನೆಯ ಬಗ್ಗೆ ವಿಚಾರಿಸಲು ಕುಳಿತ ಎಂದು ವ್ಯಾಪಾರಿ ತಿಳಿದಾನು. ಹೋಳಿಗೆ ಹಾಕಿದವರ ಮನಸ್ಸು ನೋಯಿಸುವುದೇ? ಬಾಯಾರಿಕೆ ಇಲ್ಲ ಎಂದು ಹೇಳಿ ನೇಕಾರ ಬೇಗಬೇಗ ನಡೆದ. ನಿಜವಾಗಿ ಅವನ ಬಾಯಿ ಒಣಗಿತ್ತು.

ಅಂದು ಮನೆಯಲ್ಲಿ ಅವನು ಇದನ್ನು ಹೇಳಿದಾಗ ಹೆಂಡತಿ ಕೈಯಲ್ಲಿದ್ದ ನೂಲು ಕೆಳಗಿಟ್ಟಳು. ನೀವು ಯಾವ ಸೀರೆಯನ್ನಾದರೂ ತಿರುವಿ ಹಾಕಿ ಹಿಂದಿನ ಮಗ್ಗುಲು ನೋಡದೆ ಒಪ್ಪುತ್ತೀರಾ, ಆ ಆಯಿ ಆ ಗೋಡೆಯ ಹಿಂದಿನ ಮಗ್ಗುಲಲ್ಲೇ ಬಾಳಿದವಳು, ಒಂದು ಮಾತು ಕೇಳಿ ಎಂದಳು. ನೇಕಾರನಿಗೆ ಆ ಮಾತು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಅಷ್ಟು ದೊಡ್ಡ ಮನುಷ್ಯ ತನ್ನನ್ನು ತಮ್ಮ ಎಂದು ಕರೆಯುವಾಗ, ಅವನ ಬೆನ್ನ ಹಿಂದೆ ಪಕ್ಕದವರ ಬಾಯಿ ಕೆದಕುವುದು ತನ್ನಿಂದ ಆಗದು ಎಂದ. ಅವಳು ಮತ್ತೆ ನೂಲು ಎತ್ತಿಕೊಂಡಳು.

ಸಂಚಕಾರ ಕೊಡುವ ದಿನ ಬಂತು. ಈ ಮುಂಗಡಕ್ಕೆ ನಮ್ಮ ಹಿರಿಯರು ಎಂಥ ಹೆಸರಿಟ್ಟಿದ್ದಾರೆ ನೋಡು. ಒಪ್ಪಿದ ಮಾತಿಗೆ ಕೊಡುವ ಹಣವೂ ಸಂಚಕಾರ, ಜೀವಕ್ಕೆ ಬರುವ ಕುತ್ತೂ ಸಂಚಕಾರ. ಒಂದೇ ಹೆಸರನ್ನು ಎರಡಕ್ಕೂ ಇಟ್ಟವರು ಯಾರೋ ಮನೆ ಕೊಂಡವರೇ ಇರಬೇಕು.

ಹಣ ಕೊಟ್ಟು ಎಲೆ ಅಡಿಕೆ ತೆಗೆದುಕೊಂಡದ್ದಾಯಿತು. ಉಳಿದ ಹಣವನ್ನೂ ಕೊಡುವ ದಿನ ಪತ್ರ ಬರೆಯುವವನು ಬಂದು ಹಳೆಯ ಪತ್ರ ನೋಡಿ ಹೊಸ ಪತ್ರ ಬರೆದ. ಬರೆದು ಚಕ್ಕುಬಂದಿ ಓದಿದ. ಚಕ್ಕುಬಂದಿ ನಿನಗೆ ಗೊತ್ತಿದೆ. ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಬರಹ. ಪೂರ್ವಕ್ಕೆ ಓಣಿ, ದಕ್ಷಿಣಕ್ಕೆ ಇಂಥವಳ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಕುಂಬಾರರ ಹೊಂಡ. ಅವನು ಒಂದೇ ಉಸಿರಿಗೆ ಓದಿ ಮುಗಿಸಿದ.

ನೇಕಾರನ ಕಿವಿಗೆ ಹೊಂಡ ಎಂಬ ಮಾತು ಬಿತ್ತು. ಉತ್ತರಕ್ಕೆ ಅವನು ಎಷ್ಟೋ ಸಲ ನೋಡಿದ್ದ. ಅಲ್ಲಿ ಹೊಂಡವಿರಲಿಲ್ಲ. ಒಂದು ಬೇವಿನ ಮರ, ಒಂದಿಷ್ಟು ಬಯಲು, ಕಟ್ಟಿದ ಎಮ್ಮೆಗಳು. ಬೇಸಿಗೆಯಲ್ಲೂ ಅಲ್ಲಿ ಗರಿಕೆ ಹಸಿರಾಗಿತ್ತು. ಒಂದು ಆಡು ಸಾಕಬಹುದು ಎಂದು ಅವನು ಅದನ್ನು ಕಂಡು ಸಂತೋಷಪಟ್ಟಿದ್ದ. ಈಗ ಕೇಳಬೇಕು ಅನ್ನಿಸಿತು. ಹೊಂಡ ಎಲ್ಲಿ ಎಂದು ಎರಡೇ ಮಾತು. ಆದರೆ ಸುತ್ತ ಹತ್ತು ಜನ ಕುಳಿತಿದ್ದರು. ಪತ್ರ ಬರೆಯುವವನು ಲೇಖಣಿ ಚಾಚಿ ಹಿಡಿದಿದ್ದ. ವ್ಯಾಪಾರಿ ನೇಕಾರನ ಹೆಗಲ ಮೇಲೆ ಕೈ ಇಟ್ಟಿದ್ದ. ಇಷ್ಟು ಮುಂದೆ ಬಂದು ಈಗ ಬಾಯಿ ತೆರೆದರೆ ನಾಲ್ಕು ಜನ ಏನೆಂದಾರು? ಹಳೆಯ ಪತ್ರದಲ್ಲಿ ಹಳೆಯ ಹೆಸರು ಇರುತ್ತದೆ ಎಂದು ನೇಕಾರ ತನಗೆ ತಾನೇ ಹೇಳಿಕೊಂಡು ರುಜು ಹಾಕಿದ.

ಅವರು ಒಂಬತ್ತನೆಯ ಕುಣಿಯನ್ನು ಮುಚ್ಚಿದರು. ಹೆಂಡತಿ ಸಗಣಿ ಸಾರಿಸುತ್ತ, ಇದೇ ಕಡೆಯದು ಎಂದಳು. ವೈಶಾಖದಲ್ಲಿ ಹೊಸ ಮನೆ ಹೊಕ್ಕರು. ಹಾಲು ಉಕ್ಕಿಸಿದರು, ಹಾಲು ಪೂರ್ವಕ್ಕೇ ಉಕ್ಕಿತು. ಮರುದಿನ ನೇಕಾರ ನಡುಮನೆಯಲ್ಲಿ ಹಾರೆ ಹಾಕಿದ. ಮಣ್ಣು ಬೆಣ್ಣೆಯಷ್ಟು ಮೆತ್ತಗಿತ್ತು. ಒಂಬತ್ತು ಮನೆಯ ನೆಲ ಅಗೆದ ಕೈ ಅದು. ಇಷ್ಟು ಸುಲಭವಾಗಿ ಯಾವ ನೆಲವೂ ಬಾಯಿ ಬಿಟ್ಟಿರಲಿಲ್ಲ ಎಂದು ಅವನಿಗೆ ತಿಳಿಯಿತು. ಮಣ್ಣಿನಲ್ಲಿ ಮಡಕೆಯ ಚೂರು, ಬೂದಿ, ಕೊಳೆತ ಹುಲ್ಲು ಬಂತು. ಅವನು ನೋಡಿದ, ಬುಟ್ಟಿಗೆ ತುಂಬಿದ, ಹೊರಗೆ ಹಾಕಿದ. ಹೆಂಡತಿಗೆ ತೋರಿಸಲಿಲ್ಲ. ಕುಣಿ ತಂಪಾಗಿದೆ, ನೂಲು ಹರಿಯುವುದಿಲ್ಲ, ನಮ್ಮ ಪುಣ್ಯ ಎಂದು ಮಾತ್ರ ಹೇಳಿದ. ಮಗ್ಗ ಹೂಡಿದ. ಒಂದು ಮದುವೆಯ ಸೀರೆಗೆ ಉದ್ದದ ನೂಲಿನ ಹಾಸು ಹಾಕಿದ.

ಇಪ್ಪತ್ತು ದಿನ ಅವನು ಸ್ವಂತ ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಯ್ದ. ಆ ಇಪ್ಪತ್ತು ದಿನ ಅವನು ಸುಖವಾಗಿದ್ದ. ಅದನ್ನೂ ಹೇಳಬೇಕು.

ಮೃಗಶಿರಾ ಮಳೆ ಎರಡು ದಿನ ಬಿದ್ದು ನಿಂತಿತು. ಬೆಳಿಗ್ಗೆ ನೇಕಾರ ಕೈಮುಗಿದು ಮಗ್ಗಕ್ಕೆ ಕುಳಿತು ಕಾಲು ಇಳಿಬಿಟ್ಟ. ಮೀನಖಂಡದವರೆಗೆ ನೀರು. ಅವನು ಕಾಲು ಎತ್ತಲಿಲ್ಲ, ಹಾಗೇ ಕುಳಿತ. ಒಂದು ತಂಬಿಗೆ ತರಲು ಹೆಂಡತಿಗೆ ಹೇಳಿದ. ಇಬ್ಬರೂ ಮೊಗೆದು ಮೊಗೆದು ಹೊರಗೆ ಚೆಲ್ಲಿದರು. ಮಧ್ಯಾಹ್ನಕ್ಕೆ ಕುಣಿ ಖಾಲಿಯಾಯಿತು. ಉಂಡು ಬರುವಷ್ಟರಲ್ಲಿ ಮತ್ತೆ ಪಾದ ಮುಳುಗುವಷ್ಟು ನಿಂತಿತ್ತು. ಗೋಡೆಯ ಸುಣ್ಣ ಮಂಡಿಯ ಎತ್ತರದವರೆಗೆ ಉದುರಿ, ಒಳಗಿನಿಂದ ಉಪ್ಪು ಬಿಳಿಯಾಗಿ ಅರಳಿತು. ಐದು ದಿನ ಅವರು ಮೊಗೆದರು. ಆರನೆಯ ದಿನ ತುಳಿಯುವ ಹಲಗೆ ಉಬ್ಬಿ ಸೆಟೆದುಕೊಂಡಿತು. ಹಾಸಿನ ನೂಲಿಗೆ ಬೂಷ್ಟು ಹಿಡಿಯಿತು. ನೇಕಾರ ಕತ್ತರಿ ತೆಗೆದುಕೊಂಡು, ಮದುವೆಯ ಸೀರೆಯನ್ನು ಅರ್ಧಕ್ಕೆ ಕತ್ತರಿಸಿದ. ಈ ಸಲ ಅವನನ್ನು ಯಾವ ಧಣಿಯೂ ಬಿಡಿಸಿರಲಿಲ್ಲ.

ಅವನು ಪೇಟೆಗೆ ಹೋಗಿ ವ್ಯಾಪಾರಿಯನ್ನು ಹಿಡಿದು ಕೇಳಿದ. ವ್ಯಾಪಾರಿ ಸಿಟ್ಟು ಮಾಡಲಿಲ್ಲ. ನೀನು ಕೇಳಿದ ಒಂದೊಂದು ಮಾತಿಗೂ ನಾನು ನಿಜ ಹೇಳಿದ್ದೇನೆ, ನೀರಿಗೆ ಕಡಿಮೆ ಇಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದೇನೆ, ಬೇಕಾದರೆ ನನ್ನ ಹೆಂಡತಿಯನ್ನು ಕೇಳು ಎಂದ. ಊಟದ ಹೊತ್ತಾಗಿತ್ತು, ಊಟಕ್ಕೂ ಕರೆದ. ನೇಕಾರ ಉಣ್ಣಲಿಲ್ಲ.

ತಿರುಗಿ ಬಂದವನಿಗೆ ತನ್ನ ಮನೆಯೊಳಗೆ ಹೋಗಲು ಕಾಲು ಬರಲಿಲ್ಲ. ಮುದುಕಿ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವನು ಮೂರು ಮೆಟ್ಟಿಲು ಹತ್ತಿ ಅವಳ ಕಟ್ಟೆಯ ಮೇಲೆ ಕುಳಿತ. ಅವಳು ಎದ್ದು ಒಳಗಿನಿಂದ ನೀರು ತಂದುಕೊಟ್ಟಳು. ಅವನು ಕುಡಿದ.

“ಆಯಿ, ನಿನಗ ಗೊತ್ತಿತ್ತೇನು?” ಎಂದ.

“ಗೊತ್ತಿತ್ತೋ ಯಪ್ಪಾ. ಕುಂಬಾರರು ಮಣ್ಣು ತೆಗೆದ ಹೊಂಡ ಅದು. ನಾ ಮದುವಿಯಾಗಿ ಬಂದಾಗ ಇಲ್ಲಿ ಎಮ್ಮಿ ಮುಳುಗತಿದ್ವು. ಆಮ್ಯಾಲ ಕಸ ತುಂಬಿ ಮುಚ್ಚಿ, ಅದರ ದಂಡಿ ಮ್ಯಾಲ ಆ ಮನಿ ಕಟ್ಟಿದ್ರು. ಮಳಿಗಾಲಕ್ಕ ನೀರು ತನ್ನ ಜಾಗಕ್ಕ ಬರತೈತಿ. ಅದಕ್ಕ ನಾ ಮೂರು ಮೆಟ್ಟಲಾ ಏರಿಸಿ ಕಟ್ಟಿಸೀನಿ.”

“ಮತ್ತ ನನಗ ಹೇಳಲಿಲ್ಲಲ್ಲ?”

ಮುದುಕಿಯ ಕಣ್ಣಲ್ಲಿ ನೀರು ಬಂತು. “ಯಾರೂ ಕೇಳದ ಒಬ್ಬರ ಮನಿ ಮಾರಾಟ ಕೆಡಸಾಕ ನಾ ಯಾರೋ? ನೀ ಬಂದು ಕುಂತು ಕೇಳಿದ್ರ ಸುಳ್ಳು ಹೇಳತಿದ್ದಿಲ್ಲ. ಕುಂದ್ರು ಅಂತ ಕರದೆ. ನೀರಡಿಕಿ ಇಲ್ಲ ಅಂದಿ.”

ನೇಕಾರ ಬರಿದಾದ ತಂಬಿಗೆಯನ್ನು ಅವಳಿಗೆ ಹಿಂದಿರುಗಿಸಿದ. ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ದಾಕ್ಷಿಣ್ಯ ಅವಳಿಗೂ ಇತ್ತು.

ಮರುದಿನ ಗಂಡ ಹೆಂಡತಿ ಸೇರಿ ಕುಣಿ ಮುಚ್ಚಿದರು. ಸ್ವಂತ ಮನೆ, ಸ್ವಂತ ಕುಣಿ. ಮುಚ್ಚು ಎಂದು ಹೇಳುವವರು ಯಾರೂ ಇರಲಿಲ್ಲ. ಒದ್ದೆ ಮಣ್ಣು ಬಡಿದರೆ ಗಟ್ಟಿಯಾಗಲಿಲ್ಲ, ಪಚಕ್ಕೆಂದು ಬದಿಗೆ ಸರಿಯಿತು. ನಾನು ಹೇಳಿದ್ದೆ ಎಂದು ಹೆಂಡತಿ ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಸಗಣಿ ಸಾರಿಸಿ, ಕೈ ತೊಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಳಿತಳು.

ಮಗ್ಗ ನಿಲ್ಲಿಸಿದರೆ ಒಲೆ ಹೊತ್ತುವುದಿಲ್ಲ. ನೇಕಾರ ಒಂಬತ್ತನೆಯ ಮನೆಯ ಧಣಿಯ ಬಳಿ ಹೋಗಿ, ಮಗ್ಗಕ್ಕಷ್ಟೇ ಜಾಗ ಬಾಡಿಗೆಗೆ ಕೊಡಿ ಎಂದು ಕೇಳಿದ. ಸ್ವಂತ ಮನೆಯವನು ನಿನಗೇಕಪ್ಪಾ ಬಾಡಿಗೆ ಎಂದು ಧಣಿ ನಕ್ಕ. ಆದರೂ ಕೊಟ್ಟ, ಹಳೆಯ ಕರಾರನ್ನೇ ಹಾಕಿ ಕೊಟ್ಟ. ನೇಕಾರ ತಾನೇ ಮುಚ್ಚಿದ ಕುಣಿಯನ್ನು ಮತ್ತೆ ತೋಡಿದ. ಮಣ್ಣು ಇನ್ನೂ ಬಿಗಿದಿರಲಿಲ್ಲ.

ಕತೆ ಮುಗಿಯಿತು. ಅಡಿವೆಪ್ಪನ ಮುಂದಿನ ಹುಣಸೆಹಣ್ಣು ಹಾಗೇ ಇತ್ತು. ಅವನು ಯಾವಾಗ ಕೈ ನಿಲ್ಲಿಸಿದನೋ ಅವನಿಗೇ ಗೊತ್ತಿರಲಿಲ್ಲ.

ಆ ವ್ಯಾಪಾರಿ ಎಂಥ ಮೋಸಗಾರ ಎಂದ ಅಡಿವೆಪ್ಪ. ತಾನು ಕೊಳ್ಳಲಿರುವ ಮನೆಯನ್ನು ಏಳು ಸಲ ನೋಡಿದ್ದಾಗಿದೆ, ಅಲ್ಲಿ ಹೊಂಡ ಗಿಂಡ ಏನೂ ಕಾಣಲಿಲ್ಲ ಎಂದ. ಆಮೇಲೆ ಅವನ ದನಿ ಇಳಿಯಿತು. ತಮಗೆ ತಿಳಿಯದ್ದು ಏನಿದೆ, ಕೊಳ್ಳಲೋ ಬೇಡವೋ ಎಂದು ತಾವೇ ಒಂದು ಮಾತು ಹೇಳಿಬಿಡಿ, ಅದಕ್ಕೆಂದೇ ಇಷ್ಟು ದೂರ ಬಂದೆ ಎಂದು ಕೈ ಮುಗಿದ.

ಗುರುಗಳು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನನ್ನನ್ನು ಕೇಳಲು ಮೂರು ಹರದಾರಿ ನಡೆದೆ. ಆ ಮನೆಯ ಪಕ್ಕದ ಬಾಗಿಲು ಎಷ್ಟು ದೂರ, ಅಡಿವೆಪ್ಪಾ?”